ಬಾನೆಟ್ಟಿನೊಳಗಿನ ನೆಂಟರು

ಸುರಂಗದ ನಟ್ಟನಡುವೆ, ಅದೂ ತಿರುವಿನಲ್ಲಿ, ವ್ಯಾನು ಕೈಕೊಟ್ಟಿತು. ಕೆಮ್ಮಲಿಲ್ಲ, ಕುಂಟಲಿಲ್ಲ, ಮುನ್ಸೂಚನೆ ಅಂತ ಒಂದು ಗೊರಗೊರ ಸದ್ದೂ ಇಲ್ಲ. ಇಂಜಿನ್ನು ಸುಮ್ಮನಾಯಿತು, ಅಷ್ಟೇ. ಸ್ಟಿಯರಿಂಗು ಕಲ್ಲಿನ ಹಾಗೆ ಬಿಗಿಯಿತು. ಅಳಿಯ ಎರಡೂ ಕೈಯಲ್ಲಿ ಜಗ್ಗಿ, ಇನ್ನೂ ಉರುಳುತ್ತಿದ್ದ ವ್ಯಾನನ್ನು ಹೇಗೋ ಗೋಡೆಗೆ ಒರಗಿಸಿದಂತೆ ನಿಲ್ಲಿಸಿ, ಮಿಣುಕು ದೀಪದ ಗುಂಡಿ ಒತ್ತಿದ.

"ಯಾಕೆ ನಿಲ್ಲಿಸಿದ್ರಿ ಅಳಿಯಂದ್ರೇ?" ಪಕ್ಕದ ಸೀಟಿನಿಂದ ಅತ್ತೆ ಕೇಳಿದರು.

"ನಾನು ನಿಲ್ಲಿಸ್ಲಿಲ್ಲ ಅತ್ತೆ. ಅದೇ ನಿಂತ್ಕೊಂತು."

ಅಷ್ಟರಲ್ಲಿ ಹಿಂದಿನಿಂದ ಒಂದು ಲಾರಿ ಬಂತು. ಬಂತು ಅನ್ನುವುದು ಸಣ್ಣ ಮಾತಾಯಿತು. ಮೊದಲು ಸದ್ದು ಬಂತು, ಆಮೇಲೆ ಗಾಳಿ, ಆಮೇಲೆ ಕನ್ನಡಿಯ ತುಂಬ ಬೆಳಕು. ಹಾರ್ನು ಬಡಿದುಕೊಳ್ಳುತ್ತ ಲಾರಿ ಪಕ್ಕದಲ್ಲೇ ಸವರಿಕೊಂಡು ಹೋದಾಗ ವ್ಯಾನು ಅಡಿಯಿಂದ ಮುಡಿಯವರೆಗೆ ನಡುಗಿತು. ತಿರುವಿನಲ್ಲಿ ನಿಂತ ಗಾಡಿ ಹಿಂದಿನವರಿಗೆ ಕಾಣುವುದು ಕೊನೆಯ ಗಳಿಗೆಯಲ್ಲಿ. ಈ ಲಾರಿಯವನು ನೋಡಿದ, ಸರಿ. ಮುಂದಿನವನು ಫೋನು ನೋಡುತ್ತಿದ್ದರೆ?

ಈ ಮನುಷ್ಯನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಲಾಂಡ್ರಿಯಲ್ಲಿ ಇವನನ್ನು ಎಲ್ಲರೂ ಕರೆಯುವುದು ಪುಕ್ಕಲ ಅಂತ. ಅವನಿಗೆ ಅದರ ಬಗ್ಗೆ ತಕರಾರೂ ಇಲ್ಲ. ನಾಯಿ ಕಂಡರೆ ರಸ್ತೆ ದಾಟುತ್ತಾನೆ, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಾನೆ, ಹಲ್ಲು ನೋವು ಬಂದರೆ ಡಾಕ್ಟರ ಬಾಗಿಲವರೆಗೆ ಹೋಗಿ ನೋವೇ ವಾಸಿ ಎಂದು ವಾಪಸು ಬರುತ್ತಾನೆ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಗೆಯಲು ತರುವುದು, ಒಗೆದದ್ದನ್ನು ಕೊಟ್ಟು ಬರುವುದು ಇವನ ಕೆಲಸ. ಮೆಲ್ಲಗೆ ಓಡಿಸುತ್ತಾನೆ, ಯಾರಿಗೂ ತಾಗಿಸುವುದಿಲ್ಲ. "ಹೇಗೂ ಅದೇ ಆಸ್ಪತ್ರೆಗೆ ಹೋಗ್ತೀರಲ್ಲ, ಅಮ್ಮನ್ನೂ ಕರ್ಕೊಂಡು ಬಂದ್ಬಿಡಿ" ಎಂದು ಹೆಂಡತಿ ಹೇಳಿದ್ದಳು. ಹಾಗಾಗಿ ಇವತ್ತು ವ್ಯಾನಿನ ಹಿಂದೆ ಒಗೆಯಬೇಕಾದ ಚಾದರಗಳ ಗಂಟು, ಮುಂದೆ ಮೊಣಕಾಲಿನ ಆಪರೇಷನ್ ಆಗಿ ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರು ಸುತ್ತಿಸಿಕೊಂಡ ಅತ್ತೆ. "ನನ್ನನ್ನೂ ಇಸ್ತ್ರಿ ಮಾಡಿ ಮಡಚಿ ಕೊಟ್ಬಿಡಿ" ಎಂದು ಹತ್ತುವಾಗ ಅವರೇ ನಗಾಡಿದ್ದರು.

ಈಗ ನೋಡಿದರೆ ಅತ್ತೆಯ ಕಡೆಯ ಬಾಗಿಲು ಗೋಡೆಗೆ ಅಂಟಿದೆ, ತೆರೆಯುವ ಹಾಗಿಲ್ಲ. ಇವನ ಕಡೆಯ ಬಾಗಿಲು ತೆರೆದರೆ ನೇರ ಲಾರಿಗಳ ದಾರಿಗೆ. ಆ ಮರದ ದಿಮ್ಮಿಯಂಥ ಕಾಲು ಹೊತ್ತ ಹೆಂಗಸನ್ನು ಇಳಿಸುವುದಾದರೂ ಹೇಗೆ, ಇಳಿಸಿ ನಿಲ್ಲಿಸುವುದಾದರೂ ಎಲ್ಲಿ? ಕಾಲುದಾರಿ ಅಂತ ಗೋಡೆಯ ಬುಡದಲ್ಲಿ ಇದ್ದದ್ದು ಒಂದು ಗೇಣಿನ ಕಟ್ಟೆ. ಫೋನಿನಲ್ಲಿ ಸಿಗ್ನಲ್ ಇಲ್ಲ. ತುರ್ತು ಫೋನಿನ ಪೆಟ್ಟಿಗೆ ಗೋಡೆಯಲ್ಲೇನೋ ಇತ್ತು, ಅದರ ಹೊಟ್ಟೆ ಬಗೆದು ವೈರು ಹೊರಗೆ ಜೋತುಬಿದ್ದಿತ್ತು.

ಕೀ ತಿರುಗಿಸಿದ. ಗಿರ್ ಗಿರ್ ಗಿರ್ ಎಂದು ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಇಂಜಿನ್ನಿನ ವೇಗ ತೋರಿಸುವ ಮುಳ್ಳು ಸೊನ್ನೆಯ ಮೇಲೆ ಸತ್ತು ಮಲಗಿತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ. ಅದನ್ನು ನೋಡಿದ್ದೇ ರೋಗ ಯಾವುದು ಅಂತ ಅವನಿಗೆ ಗೊತ್ತಾಗಿಹೋಗಿತ್ತು.

ಹೇಗೆ ಅಂದರೆ, ಅವನ ಹೆಂಡತಿ ಗ್ಯಾರೇಜಿನಲ್ಲಿ ವಾಹನಗಳ ವೈರಿಂಗ್ ಕೆಲಸದವಳು. ಬಾನೆಟ್ಟಿನೊಳಗೆ ಸೆನ್ಸರುಗಳೆಲ್ಲ ನೋಡಲು ಒಂದೇ ಥರ: ಒಂದು ಕಪ್ಪು ಮೂತಿ, ಒಂದು ವೈರಿನ ಬಾಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾವುದು ಎಲ್ಲಿದೆ ಅಂತ ತಲೆಗೆ ಹತ್ತದೆ ಅತ್ತವಳು, ಒಂದು ದಿನ ಎಲ್ಲಕ್ಕೂ ಮನೆಯವರ ಹೆಸರಿಟ್ಟುಬಿಟ್ಟಳು. ಅಲ್ಲಿಂದ ಮುಂದೆ ಮರೆತದ್ದೇ ಇಲ್ಲ. ಫ್ಯೂಸು ಪೆಟ್ಟಿಗೆ ದೊಡ್ಡಮ್ಮನ ಮನೆ. ಯಾರ ಮನೆಯಲ್ಲಿ ಏನು ಸುಟ್ಟರೂ ಸುದ್ದಿ ಮೊದಲು ಅಲ್ಲಿಗೆ. ರಿಲೇ ಅಂದರೆ ಭಾವ, ತಾನು ಕೂತಲ್ಲೇ ಟಕ್ ಅಂದು ಇನ್ನೊಬ್ಬರಿಂದ ಕೆಲಸ ಮಾಡಿಸುವವನು. ಹೊಗೆ ಕೊಳವೆಗೆ ಮೂಗು ತೂರಿಸಿ ಕೂತ ಸೆನ್ಸರು ಸೋದರತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ನೀರಿನ ಬಿಸಿ ನೋಡುವುದು ಅಜ್ಜಿ, ಸದಾ ಹಣೆ ಮುಟ್ಟಿ ಜ್ವರ ನೋಡುತ್ತಿದ್ದವರು. ರೇಡಿಯೇಟರಿನ ಫ್ಯಾನು ಅಪ್ಪ. ಇಂಜಿನ್ ಆರಿಸಿ ಎಲ್ಲ ತಣ್ಣಗಾಯಿತು ಅಂದುಕೊಂಡಾಗ ಇದ್ದಕ್ಕಿದ್ದಂತೆ ಎದ್ದು ಅಬ್ಬರಿಸುವುದು. ತೀರಿಹೋದ ಅಪ್ಪನ ಈ ಹೆಸರು ಹೇಳುವಾಗ ಹೆಂಡತಿ ಎಲ್ಲಕ್ಕಿಂತ ಜೋರಾಗಿ ನಗುತ್ತಿದ್ದಳು.

ರಜೆಯ ದಿನ ಮನೆಯ ಮುಂದೆ ವ್ಯಾನು ನಿಲ್ಲಿಸಿಕೊಂಡು ಗಂಡನಿಗೂ ಕಲಿಸಿದ್ದಳು, ಕಣ್ಣು ಮುಚ್ಚಿಸಿ. "ಕಣ್ಣಿಗಿಂತ ಕೈಗೆ ಜಾಸ್ತಿ ನೆನಪಿರತ್ತೆ ರೀ. ಅಜ್ಜಿ ಮನೆಯಿಂದ ಹಿಂದಕ್ಕೆ ಹೋಗಿ, ದಪ್ಪ ಪೈಪು ಸಿಗ್ತಾ? ಅದರ ಬೆನ್ನು ಸವರ್ಕೊಂಡು ಕೆಳಗಿಳೀರಿ. ಇಂಜಿನ್ನೂ ಗೇರ್‌ಬಾಕ್ಸೂ ಸೇರೋ ಮೂಲೆ. ಅಲ್ಲೊಂದು ಸಣ್ಣದು ಸಿಗತ್ತೆ ನೋಡಿ. ಅದು ಅಮ್ಮ. ಯಾರ ಕಣ್ಣಿಗೂ ಬೀಳಲ್ಲ, ಆದ್ರೆ ಇಂಜಿನ್ನಿನ ಒಂದೊಂದು ಸುತ್ತೂ ಎಣಿಸ್ತಾ ಕೂತಿರ್ತಾಳೆ. ಬಿಸಿ ಜಾಸ್ತಿಯಾದ್ರೆ ಮಾತು ನಿಲ್ಲಿಸ್ಬಿಡ್ತಾಳೆ. ಅವಳು ಮಾತು ಬಿಟ್ರೆ ಮುಳ್ಳು ಮಲಗತ್ತೆ, ಮನೆ ನಿಲ್ಲತ್ತೆ. ಆಗ ಏನು ಮಾಡ್ಬೇಕು ಅಂದ್ರೆ..." ಸರಿಯಾಗಿ ಆ ಹೊತ್ತಿಗೇ ಫ್ಯಾನು ಭರ್ರೆಂದು ಎದ್ದಿತ್ತು. ಅಳಿಯ ಚೀರಿಕೊಂಡು ಒಳಗೋಡಿದ್ದ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು, ಆ ಮಾತು ಅಲ್ಲಿಗೇ ನಿಂತುಹೋಗಿತ್ತು.

ಏನು ಮಾಡಬೇಕು? ಅದೊಂದು ಗೊತ್ತಿದ್ದರೆ!

"ಏನಾಗಿದೆಯಂತೆ?" ಅತ್ತೆ ಕೇಳಿದರು.

ಈಗ ನೀವೇ ಹೇಳಿ, ಹೇಗೆ ಹೇಳುವುದು? ಮದುವೆಯಾದಂದಿನಿಂದ ಅತ್ತೆಯ ಎದುರು ಕಾಲು ಚಾಚಿ ಕೂತವನಲ್ಲ. ಅಂಥವನು 'ನಿಮ್ಮ ಮಗಳು ನಿಮ್ಮ ಹೆಸರನ್ನು ಎಣ್ಣೆ ಜಿಡ್ಡಿನ ಮೂಲೆಯ ಸೆನ್ಸರಿಗೆ ಇಟ್ಟಿದ್ದಾಳೆ, ಸಿಟ್ಟು ಬಂದರೆ ಮಾತು ಬಿಡುತ್ತಾರೆ ಅಂತ ಆಡಿಕೊಳ್ಳುತ್ತಾಳೆ' ಎಂದು ಬಾಯಿಬಿಡುವುದುಂಟೇ? ಲಾರಿಗೆ ಎಷ್ಟು ಹೆದರಿದನೋ ಈ ಮಾತಿಗೂ ಅಷ್ಟೇ ಹೆದರಿದ. "ಯಾವ್ದೋ ವೈರು ಲೂಸಾಗಿರ್ಬೇಕು ಅತ್ತೆ" ಎಂದು ತೇಲಿಸಿ, ಹಿಂದೆ ಬೆಳಕಿಲ್ಲದ ಗಳಿಗೆ ನೋಡಿ ಕೆಳಗೆ ಹಾರಿದ.

ಮೊದಲು ಹಿಂಬಾಗಿಲು ತೆಗೆದು ಬಿಳೀ ಚಾದರವೊಂದನ್ನು ಎಳೆದು, ಹಿಂದಿನವರಿಗೆ ಕಾಣಲಿ ಅಂತ ಬಾಗಿಲಿಗೆ ಸಿಕ್ಕಿಸಿದ. ಆಮೇಲೆ ವ್ಯಾನಿಗೇ ಅಂಟಿಕೊಂಡು ಮುಂದೆ ಬಂದು ಬಾನೆಟ್ಟು ಎತ್ತಿದ. ಬಿಸಿ ಮುಖಕ್ಕೆ ಬಡಿಯಿತು. ಫೋನಿನ ಬೆಳಕನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದೊಡ್ಡಮ್ಮನ ಮನೆಯ ಮುಚ್ಚಳ ತೆಗೆದ. ಒಂದು ಫ್ಯೂಸೂ ಸುಟ್ಟಿರಲಿಲ್ಲ. ಭಾವನನ್ನು ಕಿತ್ತು ಹಾರ್ನಿನ ರಿಲೇಯನ್ನು ಅವನ ಜಾಗಕ್ಕೆ ಕೂರಿಸಿದ. ಇದೆಲ್ಲ ದಂಡ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು ಅನ್ನಿ, ಆದರೂ ಅಮ್ಮನ ತಂಟೆಗೆ ಹೋಗದೆ ಬೇರೆ ಯಾರಾದರೂ ನೆಂಟರ ತಲೆಗೆ ತಪ್ಪು ಕಟ್ಟಲಾದೀತೇ ಎಂಬ ಆಸೆ.

ಅಷ್ಟು ಹೊತ್ತೂ ಅತ್ತೆ ಒಳಗಿನಿಂದ ಮಾತಾಡುತ್ತಲೇ ಇದ್ದರು. "ನಿಧಾನ ಅಳಿಯಂದ್ರೇ... ಹಿಂದೊಂದು ಲಾರಿ ಬರ್ತಾ ಇದೆ, ಗೋಡೆಗೆ ಅಂಟ್ಕೊಳ್ಳಿ... ಹೋಯ್ತು ಹೋಯ್ತು, ಈಗ ಉಸಿರು ಬಿಡಿ." ಆ ದನಿಯೊಂದೇ ಅವನಿಗೆ ಆಧಾರವಾಗಿತ್ತು. ಒಂದು ಕಾರು ವೇಗ ತಗ್ಗಿಸಿತು, ಒಳಗಿದ್ದವನು "ಆಚೆ ಹೋಗಿ ಯಾರಿಗಾದ್ರೂ ಹೇಳ್ತೀನಿ!" ಎಂದು ಕೂಗಿ ಹೋದ. ಅವನು ಹೇಳಿ, ಅವರು ಕೇಳಿ, ಗಾಡಿ ಹೊರಟು ಬರುವಷ್ಟರಲ್ಲಿ ಇಲ್ಲಿ ಯಾರು ಉಳಿದಿರುತ್ತಾರೋ.

ಆಗ, ಯಾವ ಮುನ್ಸೂಚನೆಯೂ ಇಲ್ಲದೆ, ಮೂಗಿನ ಮುಂದೆಯೇ ಫ್ಯಾನು ಅಬ್ಬರಿಸಿ ಎದ್ದಿತು.

ಅಳಿಯ ಚೀರಿದ. ಫೋನು ಬಾಯಿಯಿಂದ ಜಾರಿತು, ಪುಣ್ಯಕ್ಕೆ ಕೆಳಗಿನ ಕಂಬಿಯಲ್ಲಿ ಸಿಕ್ಕಿಕೊಂಡಿತು, ತಡಕಿ ತೆಗೆದು ಜೇಬಿಗಿಳಿಸಿದ. ಸುರಂಗದ ಗೋಡೆಗಳು ಆ ಅಬ್ಬರವನ್ನು ಎರಡರಷ್ಟು ಮಾಡಿ ಕಿವಿಗೆ ಸುರಿದವು. ಅದು ನಿಂತ ಮೇಲೆ ಅವನಿಗೆ ಹೊಳೆಯಿತು, ಒಳಗಿನಿಂದ ಅತ್ತೆಯ ದನಿಯೂ ನಿಂತಿದೆ.

"ಅತ್ತೆ?"

ಬಾನೆಟ್ಟಿನ ಸಂದಿಯಿಂದ ಬಗ್ಗಿ ನೋಡಿದ. ಅತ್ತೆ ತುಟಿ ಬಿಗಿದುಕೊಂಡು ನೇರಕ್ಕೆ ನೋಡುತ್ತ ಕೂತಿದ್ದರು. ಸಿಟ್ಟು ಬಂದಿದೆ ಅಂದುಕೊಂಡ. ಬರದೇ ಇನ್ನೇನು? ಹೋಗಿ ಹೋಗಿ ಇಂಥ ಅಳಿಯನ ಕೈಗೆ ಜೀವ ಒಪ್ಪಿಸಿದ್ದಾರಲ್ಲ. ಮತ್ತೆ ಒಳಹತ್ತಿ ಕೀ ತಿರುಗಿಸಿದ. ಗಿರ್... ಗಿರ್... ಈ ಸಲ ಬ್ಯಾಟರಿಯೇ ಏದುಸಿರು ಬಿಡುತ್ತಿತ್ತು. ಮುಳ್ಳು ಮಿಸುಕಲಿಲ್ಲ. ಹೊರಗೆ ಮಿಣುಕು ದೀಪ ಮಂಕಾಗುತ್ತಿರುವುದು ಗೋಡೆಯ ಮೇಲೆ ಕಾಣುತ್ತಿತ್ತು.

ಮುಂದಿನ ಲಾರಿ ಬ್ರೇಕು ಹಾಕಿದ ಸದ್ದು ಮೊದಲು ಕೇಳಿತು. ಟೈರು ಕಿರುಚಿತು, ರಬ್ಬರು ಸುಟ್ಟ ವಾಸನೆ, ಹಿಂದೆ ಪರಕ್ಕನೆ ಬಟ್ಟೆ ಹರಿದ ಸದ್ದು. ಲಾರಿ ಹಾದುಹೋಯಿತು, ಅದರ ಮೂಲೆಗೆ ಸಿಕ್ಕಿಕೊಂಡ ಚಾದರವೂ ಪಟಪಟ ಹಾರುತ್ತ ಅದರ ಜೊತೆಗೇ ಹೋಯಿತು. ಅಷ್ಟು ಹತ್ತಿರ!

ಅತ್ತೆಯ ಗಂಟಲಿನಿಂದ ಆಗ ಮಾತು ಬಂತು, ಗೀರಿಕೊಂಡು. "ನೀವು ಹೋಗಿ ಅಳಿಯಂದ್ರೇ. ಗೋಡೆ ಹಿಡ್ಕೊಂಡು ನಡ್ಕೊಂಡು ಹೋಗಿ. ಇಬ್ರೂ ಇಲ್ಲಿ ಕೂತು ಏನು ಮಾಡೋದಿದೆ? ನನ್ನ ಮಗಳಿಗೆ ನೀವಾದ್ರೂ ಬೇಕಲ್ಲ."

"ಸಹಾಯ ಕರ್ಕೊಂಡು ಬರ್ತೀನಿ ಅತ್ತೆ."

ಅಂದ, ಇಳಿದ, ಹೊರಟೂಬಿಟ್ಟ. ಸುಳ್ಳು ಯಾಕೆ ಹೇಳಲಿ, ಸಹಾಯವೆಂಬುದು ನೆಪ. ಅವನ ಕಾಲುಗಳು ಅವನ ಅಪ್ಪಣೆಗೆ ಕಾಯುತ್ತಿರಲಿಲ್ಲ. ಗೋಡೆ ತಡವಿಕೊಂಡು ತಿರುವು ದಾಟಿದ್ದೇ, ದೂರದಲ್ಲಿ ಸುರಂಗದ ಬಾಯಿ ಬೆಳ್ಳಗೆ ಕಂಡಿತು. ಬಿಸಿಲು! ಓಡಿದರೆ ಬದುಕಿದೆ. ಹಿಂದಿನಿಂದ ಮತ್ತೊಂದು ಲಾರಿಯ ಸದ್ದು ಬಂತು. ಅಳಿಯ ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ, ಢಮಾರ್ ಎನ್ನುವ ಸದ್ದಿಗೆ ಕಾದು ನಿಂತ. ಆ ಸದ್ದು ಬರಲಿಲ್ಲ, ಲಾರಿ ಅವನ ಮುಂದೆ ಹಾದುಹೋಯಿತು. ಆದರೆ ಆ ಕಾದ ಗಳಿಗೆ ಇತ್ತಲ್ಲ, ಅದನ್ನು ಹೊತ್ತುಕೊಂಡು ಹೆಂಡತಿಯ ಮುಂದೆ ಹೇಗೆ ನಿಲ್ಲುವುದು? ಅವನಿಗೆ ಅಳು ಬಂತು. ಅಳುತ್ತಲೇ ತಿರುಗಿದ, ಅಳುತ್ತಲೇ ವಾಪಸು ಓಡಿದ.

ವ್ಯಾನು ಹತ್ತಿದವನೇ, ಅತ್ತೆ ಬಾಯಿ ತೆರೆಯುವ ಮೊದಲೇ ಒದರಿಬಿಟ್ಟ. "ಅತ್ತೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದರೊಳಗೆ ಕೆಟ್ಟಿರೋದು ನೀವು."

"ನಾನಾ?"

"ನಿಮ್ಮ ಹೆಸರಿನ ಸೆನ್ಸರು. ನಿಮ್ಮ ಮಗಳು ಎಲ್ಲಕ್ಕೂ ಮನೆಯವರ ಹೆಸರಿಟ್ಟಿದಾಳೆ. ನೀವು ಬಿಸಿಯಾದ್ರೆ ಮಾತು ನಿಲ್ಲಿಸ್ತೀರಂತೆ, ನೀವು ಮಾತು ನಿಲ್ಲಿಸಿದ್ರೆ ಗಾಡಿ ನಿಲ್ಲತ್ತಂತೆ. ಆಮೇಲೆ ಏನು ಮಾಡ್ಬೇಕು ಅಂತ ಹೇಳೋ ಅಷ್ಟರಲ್ಲಿ ನಾನು ಹೆದರ್ಕೊಂಡು ಓಡಿಹೋದೆ." ಅವನು ಮೂಗೊರೆಸಿಕೊಂಡ. "ಅವಳು ಬರೀ ತಮಾಷೆಗೆ ಹೆಸರಿಟ್ಟೋಳಲ್ಲ, ಮನೇಲಿ ನಡೆದಿದ್ದನ್ನೇ ಇಲ್ಲಿ ಇಟ್ಟಿದಾಳೆ. ಹೇಳಿ ಅತ್ತೆ, ನೀವು ಮಾತು ಬಿಟ್ಟಾಗ ಮನೇಲಿ ಅವಳು ಏನು ಮಾಡ್ತಿದ್ಲು?"

ಅತ್ತೆ ಅವನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡ. ಅವರು ಬೈಯಲಿಲ್ಲ.

"ಏನೂ ಕೇಳ್ತಿರ್ಲಿಲ್ಲ. ಒಂದು ಲೋಟ ತಣ್ಣೀರು ತಂದು ನನ್ನ ಪಕ್ಕ ಇಟ್ಟು, ಬಾಗಿಲು ಎಳ್ಕೊಂಡು ಹೋಗ್ತಿದ್ಲು. ಸ್ವಲ್ಪ ಹೊತ್ತು ಯಾರನ್ನೂ ಒಳಗೆ ಬಿಡ್ತಿರ್ಲಿಲ್ಲ."

"ತಣ್ಣೀರು!" ಅಳಿಯ ಕೂಗಿಯೇಬಿಟ್ಟ. ಆಸ್ಪತ್ರೆಯಲ್ಲಿ ತುಂಬಿಸಿಕೊಟ್ಟಿದ್ದ ಬಾಟಲಿ ಅತ್ತೆಯ ಮಡಿಲಲ್ಲೇ ಇತ್ತು. "ಅತ್ತೆ, ನಾನು ಮುಂದೆ ಹೋಗ್ತೀನಿ. ನಾನು ಕೂಗಿದ ತಕ್ಷಣ ನೀವು ಈ ಕೀ ತಿರುಗಿಸ್ಬೇಕು. ಇಲ್ಲಿ ಮಲಗಿರೋ ಈ ಮುಳ್ಳು ಎದ್ರೆ ಗೆದ್ವಿ ಅಂತ. ಗೇರಿಂದ ತೆಗೆದಿದೀನಿ, ಗಾಡಿ ಜಿಗಿಯಲ್ಲ. ಆಗತ್ತಾ?"

"ಇವನ್ನೆಲ್ಲ ನಾನು ಮುಟ್ಟಿದವಳಲ್ಲ."

"ನಾನು ಮಾತ್ರ ಮುಟ್ಟಿದವನಾ?"

ಮತ್ತೆ ಬಾನೆಟ್ಟಿನ ಮುಂದೆ. ಈ ಸಲ ಬೆಳಕೂ ಬೇಡವೆಂದು ಕಣ್ಣು ಮುಚ್ಚಿದ. ಅಜ್ಜಿಯ ಮನೆ. ಹಿಂದಕ್ಕೆ. ದಪ್ಪ ಪೈಪು, ಅದರ ಬೆನ್ನು ಸವರಿ ಕೆಳಕ್ಕೆ. ಮುಂಗೈ ಯಾವುದೋ ಕಬ್ಬಿಣಕ್ಕೆ ತಾಗಿ ಚುರ್ರೆಂದಿತು. ಹಲ್ಲು ಕಚ್ಚಿದ, ಕೈ ಎಳೆಯಲಿಲ್ಲ. ಇನ್ನೂ ಕೆಳಕ್ಕೆ, ಭುಜದವರೆಗೂ ತೂರಿಸಿ. ಮೂಲೆ ಸಿಕ್ಕಿತು. ಮೂಲೆಯಲ್ಲಿ ಹೆಬ್ಬೆರಳ ಗಾತ್ರದ ಒಂದು ಮೂತಿ, ಒಂದು ಬಾಲ. ಕಾದು ಕೆಂಡವಾಗಿತ್ತು.

"ಸಿಕ್ಕಿದ್ರಿ ಅತ್ತೆ!" ಎಂದ. ಇನ್ನೊಂದು ಕೈಯಿಂದ ಬಾಟಲಿ ಬಗ್ಗಿಸಿ, ತನ್ನ ತೋಳನ್ನೇ ದೋಣಿ ಮಾಡಿಕೊಂಡು, ನೀರನ್ನು ಸಣ್ಣಗೆ ಅದರ ಮೇಲಕ್ಕೆ ಹರಿಸಿದ. ಚೊಂಯ್ ಎಂದು ಹಬೆ ಎದ್ದಿತು.

"ತಿರುಗಿಸ್ಲಾ?"

"ಬೇಡ ಬೇಡ! ಸ್ವಲ್ಪ ಹೊತ್ತು ಬಿಡಬೇಕು ಅಂದ್ರಲ್ಲ. ಬ್ಯಾಟರೀಲಿ ಇನ್ನೊಂದು ಸಲಕ್ಕೆ ಮಾತ್ರ ಜೀವ ಇದೆ."

ಆ ಸ್ವಲ್ಪ ಹೊತ್ತು ಇತ್ತಲ್ಲ, ಅದರಷ್ಟು ಉದ್ದದ ಹೊತ್ತನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಒಂದು ಲಾರಿ ಹೋಯಿತು. ಅದರ ಬೆನ್ನಿಗೇ ಇನ್ನೊಂದು. ಗಾಳಿಗೆ ಬಾನೆಟ್ಟು ಅದುರಿತು. ಮಿಣುಕು ದೀಪ ಈಗ ಗೋಡೆಯ ಮೇಲೆ ಕಾಣುತ್ತಲೇ ಇರಲಿಲ್ಲ. ಉಳಿದ ನೀರು ಹನಿಹನಿಯಾಗಿ ಬಿಡುತ್ತ ಅಳಿಯ ಸೆನ್ಸರನ್ನು ಬೆರಳಿನಲ್ಲಿ ಹಿಡಿದುಕೊಂಡೇ ನಿಂತ. ಬಿಸಿ ಇಳಿಯುತ್ತಿತ್ತು. ಮುಟ್ಟಬಹುದು ಅನ್ನುವಷ್ಟಾಯಿತು. ದೂರದಲ್ಲಿ ಮತ್ತೆ ಗುಡುಗಿದಂಥ ಸದ್ದು, ಈ ಸಲದ್ದು ಭಾರೀ ಲಾರಿ. ಬಾಟಲಿ ಖಾಲಿಯಾಯಿತು. ಸೆನ್ಸರು ತಣ್ಣಗಿತ್ತು.

"ಈಗ ಅತ್ತೆ! ಈಗ!"

ಗಿರ್... ಗಿ...ರ್...

"ಮುಳ್ಳು ಎದ್ತು!" ಅತ್ತೆ ಒಳಗಿನಿಂದ ಚೀರಿದರು. "ಅಳಿಯಂದ್ರೇ, ಮುಳ್ಳು ಎದ್ತು!" ಅದರ ಹಿಂದೆಯೇ ಇಂಜಿನ್ನು ಹತ್ತಿಕೊಂಡಿತು. ಬಾನೆಟ್ಟು ಬಡಿದು, ಒಳಕ್ಕೆ ಹಾರಿ, ಅತ್ತೆಯನ್ನು ಆಚೆ ಸರಿಸಿ, ಯಾವ ಗೇರು ಅಂತಲೂ ನೋಡದೆ ತಳ್ಳಿ ವ್ಯಾನು ಎಬ್ಬಿಸಿದ. ಕನ್ನಡಿಯಲ್ಲಿ ಬೆಳಕು ತುಂಬಿತು, ಹಾರ್ನು ಕಿವಿ ಹರಿಯಿತು. ಆದರೆ ವ್ಯಾನು ಓಡುತ್ತಿತ್ತು. ಸುರಂಗದ ಬಾಯಿ ದೊಡ್ಡದಾಗುತ್ತ ಬಂದು ಬಿಸಿಲಿಗೆ ಉಗುಳಿತು.

ಆಚೆ, ಗಾಡಿಗಳು ನಿಲ್ಲುವ ಅಗಲದ ಜಾಗದಲ್ಲಿ ನಿಲ್ಲಿಸಿದ. ಇಂಜಿನ್ನು ಆರಿಸುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಎಲ್ಲಿದೀರಿ ರೀ? ಎಷ್ಟು ಸಲ ಮಾಡೋದು! ಆಸ್ಪತ್ರೆ ಬಿಟ್ಟು ಯಾವ ಕಾಲ ಆಯ್ತು!" ಹೆಂಡತಿಯ ದನಿ ವ್ಯಾನಿನ ತುಂಬ ಕೇಳಿತು. ಸುಟ್ಟ ಮುಂಗೈ ಉರಿಯುತ್ತಿದ್ದರಿಂದ ಅವನು ಫೋನನ್ನು ಸ್ಪೀಕರಿಗೆ ಹಾಕಿ ಮುಂದೆ ಇಟ್ಟಿದ್ದ. ಸುರಂಗ, ಮುಳ್ಳು, ತಣ್ಣೀರು ಎಲ್ಲ ಹಿಂದುಮುಂದಾಗಿ ಹೇಳಿದ. ಹೆಂಡತಿ ದೇವರೇ ದೇವರೇ ಅಂದಳು. "ಅಮ್ಮ ಹೇಗಿದಾಳೆ?"

ಅಳಿಯ ತಿರುಗಿ ನೋಡಿದ. ಅತ್ತೆ ತುಟಿ ಬಿಗಿದು ನೇರಕ್ಕೆ ನೋಡುತ್ತಿದ್ದರು.

"ಮಾತಾಡ್ತಿಲ್ಲ."

"ಸಿಟ್ಟು ಬಂದಿರತ್ತೆ. ನಾನಿಟ್ಟ ಹೆಸರಿನ ಕತೆ ಬೇರೆ ಅವಳಿಗೆ ಹೇಳಿದೀರಿ. ಏನೂ ಕೇಳಬೇಡಿ, ಸ್ವಲ್ಪ ಹೊತ್ತು ಇಳಿದು ಆಚೆ ಇರಿ. ತಾನಾಗೇ ಸರಿಹೋಗ್ತಾಳೆ."

ಸರಿ ಎಂದು ಅವನು ಬಾಗಿಲಿನ ಹಿಡಿಗೆ ಕೈ ಹಾಕಿದ. ಹಾಕಿದವನು ಇನ್ನೊಮ್ಮೆ ನೋಡಿದ. ಅತ್ತೆಯ ಹೆಬ್ಬೆರಳುಗಳು ಮುಷ್ಟಿಯೊಳಗೆ ಹುದುಗಿದ್ದವು. ಭುಜ ಕಿವಿಯವರೆಗೆ ಏರಿತ್ತು. ಗಂಟಲು ಏನನ್ನೋ ನುಂಗುತ್ತಿತ್ತು, ಅದು ಇಳಿಯುತ್ತಿರಲಿಲ್ಲ. ಇದು ಸಿಟ್ಟಲ್ಲ. ಇದು ಏನು ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಲಿಫ್ಟಿನ ಬಾಗಿಲಲ್ಲಿ, ನಾಯಿಯ ಎದುರಲ್ಲಿ ಇದೇ ಮುಷ್ಟಿ ಹಿಡಿದು ಇದೇ ಉಗುಳು ನುಂಗುತ್ತ ನಿಂತವನು ಅವನು.

"ಅತ್ತೆ," ಅಂದ, "ಹೆದರಿಕೆ ಆಗ್ತಿದೆಯಾ?"

ಅತ್ತೆ ತಟ್ಟನೆ ತಿರುಗಿದರು. ಕಣ್ಣು ತುಂಬಿಕೊಂಡಿತ್ತು.

"ಆಗ್ತಿದೆ ಕಣಪ್ಪ," ಎಂದರು. ಬಹುವಚನ ಬಿಟ್ಟುಹೋದದ್ದು ಇಬ್ಬರ ಗಮನಕ್ಕೂ ಬರಲಿಲ್ಲ. "ಆಚೆ ಬಂದ್ವಿ ಅಂತ ಗೊತ್ತು. ಆದ್ರೂ ಹೋಗಲ್ಲ ಇದು. ಆಗಲೂ ಬೇಗ ಹೋಗ್ತಿರ್ಲಿಲ್ಲ."

"ಯಾವಾಗ?"

"ಯಾವಾಗ್ಲೂ. ನಿಮ್ಮ ಮಾವ ದನಿ ಎತ್ತಿದ್ರೆ ಸಾಕು, ಗಂಟಲು ಹಿಡ್ಕೊಂಡುಬಿಡೋದು. ಮಾತಾಡೋಣ ಅಂದ್ರೂ ಬರ್ತಿರ್ಲಿಲ್ಲ. ಅಮ್ಮಂಗೆ ಸಿಟ್ಟು ಅಂದ್ಕೊಂಡ್ರು ಮಕ್ಕಳು. ಅಮ್ಮ ಹೆದರ್ತಾಳೆ ಅಂತ ಗೊತ್ತಾದ್ರೆ ಅವು ಇನ್ನೆಷ್ಟು ಹೆದರ್ಕೊತವೋ ಅನ್ನಿಸ್ತು. ಸಿಟ್ಟು ಅಂತಲೇ ಇರ್ಲಿ ಅಂತ ಬಿಟ್ಟೆ."

ಫೋನು ಇನ್ನೂ ಚಾಲೂ ಇತ್ತು. ಆ ಕಡೆಯಿಂದ ಗ್ಯಾರೇಜಿನ ಸುತ್ತಿಗೆ ಸದ್ದು ಕೇಳುತ್ತಿತ್ತು. ಅದರ ನಡುವೆ ಬಂದ ಹೆಂಡತಿಯ ದನಿ ಸಣ್ಣ ಹುಡುಗಿಯದಾಗಿತ್ತು.

"ಅಮ್ಮಾ... ನಾನು ನೀರಿಟ್ಟು ಹೊರಟುಹೋಗ್ತಿದ್ನಲ್ಲಮ್ಮ. ಎಲ್ಲರನ್ನೂ ಆಚೆ ಕಳಿಸ್ಬಿಡ್ತಿದ್ನಲ್ಲ."

"ಹೂಂ," ಅಂದರು ಅತ್ತೆ. "ಪಕ್ಕದಲ್ಲಿ ಕೂತ್ಕೋಬಹುದಿತ್ತು ಕಣೆ."

ಅಳಿಯ ಬಾಗಿಲಿನ ಹಿಡಿಯಿಂದ ಕೈ ತೆಗೆದು, ಅಲ್ಲೇ ಕೂತ.